ಟೋಕನ್, ಕ್ಯೂಆರ್, ಕಾರ್ಡ್: ನಾಪೋಕ್ಲಿನಿಂದ ಹೋಗಿ ಮೆಟ್ರೊ ಹತ್ತುವವರಿಗೆ ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕಾರ್ಡಿಗೆ. ಬ್ಯಾಂಕಿನವರು ಕೊಡುವ ಕಾರ್ಡಿಗಲ್ಲ, ಬೆಂಗಳೂರಿನ ನಮ್ಮ ಮೆಟ್ರೊ ನಿಲ್ದಾಣದ ಕೌಂಟರಿನಲ್ಲಿ 50 ರೂಪಾಯಿಗೆ ಸಿಗುವ ಸ್ಮಾರ್ಟ್ ಕಾರ್ಡಿಗೆ. ನಾಲ್ಕು ಬಗೆಯನ್ನೂ ನಾನೇ ಬಳಸಿ ನೋಡಿದ್ದೇನೆ. ಕೊನೆಗೆ ನನ್ನ ಪರ್ಸಿನಲ್ಲಿ ಉಳಿದಿರುವುದು ಇದೊಂದೇ, ಅತ್ತೆಯವರ ಪರ್ಸಿನಲ್ಲಿಯೂ ಇದೇ.

ಕೊಡಗಿನಲ್ಲಿ ರೈಲು ಹಳಿ ಇಲ್ಲ. ಕುಶಾಲನಗರದವರೆಗೆ ರೈಲು ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ಇದ್ದೇವೆ, ಬರಲಿ. ಸದ್ಯಕ್ಕೆ ನಮ್ಮ ಪಾಲಿಗೆ ರೈಲು ಟಿಕೆಟ್ ಎಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಂಗಳೂರು ಸೇರಿದ ಮೇಲಿನ ಸಂಗತಿ. ಅದಕ್ಕೇ ಬೆಂಗಳೂರಿನಲ್ಲಿರುವವರ ಸಲಹೆ ನಮಗೆ ಅಷ್ಟಾಗಿ ಹೊಂದುವುದಿಲ್ಲ. ಅವರು ಮನೆಯಿಂದ ಹೊರಟು ಹತ್ತು ನಿಮಿಷಕ್ಕೆ ಗೇಟಿನ ಮುಂದಿರುತ್ತಾರೆ. ನಾವು ನಾಪೋಕ್ಲು ಬಿಟ್ಟು ಎಂಟೊಂಬತ್ತು ಗಂಟೆ ಕಳೆದಿರುತ್ತದೆ. ಕೈಯಲ್ಲಿ ಚೀಲ, ಕಣ್ಣಲ್ಲಿ ನಿದ್ದೆ, ಜೊತೆಯಲ್ಲಿ ವಯಸ್ಸಾದವರು. ಆ ಹೊತ್ತಿನಲ್ಲಿ ಯಾವುದು ಕೈಕೊಡುವುದಿಲ್ಲವೋ ಅದೇ ನನಗೆ ಒಳ್ಳೆಯ ಟಿಕೆಟ್.

ಅತ್ತೆಯವರಿಗೆ ಕಣ್ಣಿನ ಚಿಕಿತ್ಸೆ ಬೆಂಗಳೂರಿನಲ್ಲಿ. ನಾದಿನಿಯ ಮನೆ ಇಂದಿರಾನಗರದ ಹತ್ತಿರ. ಹೀಗಾಗಿ ಒಂದೂವರೆ ವರ್ಷದಿಂದ ತಿಂಗಳಿಗೊಮ್ಮೆಯಾದರೂ ನಮ್ಮಿಬ್ಬರ ಪಯಣ ನಡೆದಿದೆ. ಮಡಿಕೇರಿಯಿಂದ ರಾತ್ರಿ ಬಸ್ಸು, ಬೆಳಗಿನ ಜಾವ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ, ಅಲ್ಲಿಂದ ನಡೆದು ದೀಪಾಂಜಲಿ ನಗರ ಮೆಟ್ರೊ, ನೇರಳೆ ಮಾರ್ಗದಲ್ಲಿ ಇಂದಿರಾನಗರ. ರೈಲು ಬದಲಿಸುವ ಗೋಜಿಲ್ಲ.

ಮೊದಮೊದಲು ಟೋಕನ್ ಕೊಳ್ಳುತ್ತಿದ್ದೆವು. ಅತ್ತೆಯವರಿಗೆ ಅದು ಇಷ್ಟ. ದುಡ್ಡು ಕೊಟ್ಟರೆ ಕೈಗೊಂದು ಬಿಲ್ಲೆ ಬರುತ್ತದೆ, ಒಳಗೆ ಹೋಗುವಾಗ ಗೇಟಿಗೆ ತಾಗಿಸುವುದು, ಹೊರಗೆ ಬರುವಾಗ ಸೀಳಿನೊಳಗೆ ಹಾಕುವುದು. ಫೋನು ಬೇಡ, ಲೆಕ್ಕ ಬೇಡ. ಆದರೆ ಪ್ರತಿ ಸಲವೂ ಸಾಲಿನಲ್ಲಿ ನಿಲ್ಲಬೇಕು, ರಿಯಾಯಿತಿ ಎನ್ನುವುದಿಲ್ಲ, ಕಳೆದರೆ ದಂಡ. ಕಣ್ಣು ಮಂಜಾಗಿದ್ದ ಆ ದಿನಗಳಲ್ಲಿ ಅತ್ತೆಯವರು ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ದಾರಿಯುದ್ದಕ್ಕೂ ಆ ಗಂಟನ್ನು ಮುಟ್ಟಿ ನೋಡುತ್ತಿದ್ದರು. ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗುವವರಿಗೆ ಟೋಕನ್ ಸಾಕು. ತಿಂಗಳಿಗೊಮ್ಮೆ ಹೋಗುವವರಿಗೆ ಸಾಲದು.

ಆಮೇಲೆ ಕ್ಯೂಆರ್ ಟಿಕೆಟ್ಟಿಗೆ ಬದಲಾದೆವು. 2022ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಇದು ಶುರುವಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಕಳಿಸಿ, ಹತ್ತುವ ನಿಲ್ದಾಣ, ಇಳಿಯುವ ನಿಲ್ದಾಣ ಆಯ್ದು, ದುಡ್ಡು ಕಟ್ಟಿದರೆ ಚೌಕದ ಚಿತ್ರವೊಂದು ಫೋನಿಗೆ ಬರುತ್ತದೆ. ಮರುವರ್ಷದ ನವೆಂಬರಿನಿಂದ ಒಂದೇ ಚಿತ್ರದಲ್ಲಿ ಆರು ಜನರವರೆಗೆ ಹೋಗಬಹುದಾಯಿತು. ಅನುಕೂಲವನ್ನು ಅನುಕೂಲವೆಂದೇ ಹೇಳಬೇಕು. ಬಸ್ಸು ಕೆಂಗೇರಿ ದಾಟುವಾಗ ಸೀಟಿನಲ್ಲಿ ಕುಳಿತೇ ಇಬ್ಬರಿಗೂ ಟಿಕೆಟ್ ತೆಗೆದುಬಿಡುತ್ತಿದ್ದೆ. ಬಸ್ಸಿನಿಂದ ಇಳಿದ ಜನ ಕೌಂಟರಿನತ್ತ ಹೋದರೆ ನಾವು ನೇರವಾಗಿ ಗೇಟಿನತ್ತ. ಐದಾರು ಸಲ ಹೀಗೇ ಸುಖವಾಗಿ ನಡೆಯಿತು.

ಕೈಕೊಟ್ಟದ್ದು ಕಳೆದ ವರ್ಷದ ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜಡಿಮಳೆಯ ತಿಂಗಳಲ್ಲಿ. ನಾಪೋಕ್ಲಿನ ಮಳೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೋಟದಲ್ಲಿ ಮರ ಬಿದ್ದು ತಂತಿ ಕಡಿದು ಮೂರು ದಿನ ಕರೆಂಟ್ ಇರಲಿಲ್ಲ. ಪೇಟೆಯಲ್ಲಿ ಜನರೇಟರ್ ಇದ್ದ ಅಂಗಡಿಯೊಂದರಲ್ಲಿ ಅರ್ಧ ಗಂಟೆ ಚಾರ್ಜಿಗೆ ಇಟ್ಟು ತಂದ ಫೋನಿನಲ್ಲಿ ಶೇ 40ರಷ್ಟು ಇತ್ತು. ಕತ್ತಲೆಯಲ್ಲಿ ರಸ್ತೆಯವರೆಗೆ ಬರಲು ಅದರದೇ ಟಾರ್ಚು. ಮಡಿಕೇರಿಯಲ್ಲಿ ಬಸ್ಸು ಹತ್ತುವ ಮೊದಲು ಮನೆಯವರಿಗೊಂದು ಕರೆ. ಕೆಂಗೇರಿಗೆ ಬರುವ ಹೊತ್ತಿಗೆ 14 ಉಳಿದಿತ್ತು. ಸಾಕು ಎಂದುಕೊಂಡು ಇಬ್ಬರಿಗೂ ಒಂದೇ ಕ್ಯೂಆರ್ ತೆಗೆದೆ.

ಅಂದು ಅತ್ತೆಯವರ ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಮದ್ದು ಸೊಪ್ಪಿನ ಕಟ್ಟು. ಆ ಸೊಪ್ಪಿನ ಪಾಯಸ ಮಾಡುವ ಕಕ್ಕಡ ಹದಿನೆಂಟಕ್ಕೆ ಒಂದು ದಿನ ಬಾಕಿ, ಮಗಳ ಮನೆಯಲ್ಲೂ ಪಾಯಸವಾಗಬೇಕೆಂಬುದು ಅವರ ಹಟ. ದೀಪಾಂಜಲಿ ನಗರದ ಗೇಟಿನಲ್ಲಿ ಒಮ್ಮೆ ಫೋನು ತೋರಿಸಿ ಅವರನ್ನು ಮೊದಲು ಒಳಗೆ ಕಳಿಸಿದೆ. ಚೀಲ, ಕಟ್ಟು ಎರಡನ್ನೂ ಹಿಡಿದುಕೊಂಡು ಅವರು ನಿಧಾನವಾಗಿ ದಾಟಿದರು. ಆಮೇಲೆ ಅದೇ ಚಿತ್ರವನ್ನು ಇನ್ನೊಮ್ಮೆ ತೋರಿಸಿ ನಾನು. ಆರು ಜನರಿಗೆ ಒಂದೇ ಚಿತ್ರ ಎಂದರೆ ಆರು ಸಲ ತೋರಿಸಬೇಕು, ಎಲ್ಲರೂ ಒಟ್ಟಿಗೇ ಇರಬೇಕು. ಆ ಒಂದು ಫೋನು ಎಲ್ಲರ ಟಿಕೆಟ್ಟು.

ಮೆಜೆಸ್ಟಿಕ್ ದಾಟುವಾಗ ನಾದಿನಿಯ ಕರೆ ಬಂತು. "ಎಲ್ಲಿದ್ದೀರಿ ಅತ್ತಿಗೆ, ನಾನು ಸ್ಟೇಷನ್ನಿಗೇ ಬಂದು ನಿಂತಿರುತ್ತೇನೆ" ಎಂದಳು. ಎರಡು ಮಾತಿಗಿಂತ ಹೆಚ್ಚು ಆಡಲಿಲ್ಲ. ಟ್ರಿನಿಟಿಯಲ್ಲಿ ನೋಡಿದಾಗ ಫೋನು ಕಪ್ಪಗಾಗಿತ್ತು. ಗುಂಡಿ ಒತ್ತಿ ಹಿಡಿದೆ, ಎದ್ದಿತು, ಕಂಪನಿಯ ಗುರುತು ತೋರಿಸಿತು, ಮತ್ತೆ ಆರಿತು.

ಕ್ಯೂಆರ್ ಟಿಕೆಟ್ ಒಳಗೆ ಹೋಗಲು ಮಾತ್ರವಲ್ಲ, ಹೊರಗೆ ಬರಲೂ ಬೇಕು. ಇದು ಗೊತ್ತಿರಲಿಲ್ಲ ಎಂದಲ್ಲ. ಇಂದಿರಾನಗರದ ಗೇಟಿನ ಈಚೆ ಬರಿಗೈಯಲ್ಲಿ ನಿಂತಾಗ ಅದರ ಅರ್ಥ ತಿಳಿಯಿತು. ಐದು ಹೆಜ್ಜೆ ಆಚೆ ನಾದಿನಿ ನಿಂತು ಕೈ ಬೀಸುತ್ತಿದ್ದಾಳೆ. ಈಚೆ ನಾವಿಬ್ಬರು. ನಮ್ಮ ಹಿಂದೆ ಬಂದವರೆಲ್ಲ ಅಕ್ಕಪಕ್ಕದ ಗೇಟುಗಳಿಂದ ಸರಸರನೆ ದಾಟಿ ಹೋಗುತ್ತಿದ್ದಾರೆ. "ಏನಾಯಿತಮ್ಮಾ, ಬಾಗಿಲು ತೆರೆಯುವುದಿಲ್ಲವೇ?" ಎಂದು ಅತ್ತೆಯವರು ಕೇಳಿದರು. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡಿದ್ದೇವೆ, ಆದರೆ ತೋರಿಸಲು ಏನೂ ಇಲ್ಲ ಎಂಬುದನ್ನು ಅವರಿಗೆ ಹೇಗೆ ಹೇಳಲಿ? ರಾತ್ರಿಯೆಲ್ಲ ನಿದ್ದೆಯಿಲ್ಲದೆ ಬಂದವರು. ಕಾಲು ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳುವವರೂ ಅಲ್ಲ, ಕಂಬಕ್ಕೆ ಒರಗಿ ನಿಂತರು.

ಗೇಟಿನ ಪಕ್ಕದ ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನು. "ಗಾಬರಿಯಾಗಬೇಡಿ, ಫೋನು ಕೊಡಿ" ಎಂದು ತನ್ನ ಚಾರ್ಜರಿಗೆ ಸಿಕ್ಕಿಸಿದ. ಆದರೆ ಪೂರ್ತಿ ಸತ್ತ ಹಳೆಯ ಫೋನು ಒಮ್ಮೆಲೇ ಏಳುವುದಿಲ್ಲ. ಸಿಕ್ಕಿಸಿ ಏಳೆಂಟು ನಿಮಿಷಕ್ಕೆ ಎದ್ದಿತು, ವಾಟ್ಸ್‌ಆ್ಯಪ್ ತೆರೆಯಲು ಇನ್ನಷ್ಟು. ಎಲ್ಲ ಸೇರಿ ಇಪ್ಪತ್ತು ನಿಮಿಷ. ನಾವು ಹೊರಗೆ ಬಂದಾಗ ಸೊಪ್ಪಿನ ಕಟ್ಟಿನ ಪೇಪರು ಒದ್ದೆಯಾಗಿ ಹರಿದು ಎಲೆಗಳು ಹೊರಬಂದಿದ್ದವು.

ಪವರ್ ಬ್ಯಾಂಕ್ ಇಟ್ಟುಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಮೈದುನ ಹೇಳಿದ. ಪವರ್ ಬ್ಯಾಂಕಿಗೂ ಕರೆಂಟ್ ಬೇಕು. ಮೂರು ದಿನ ಕತ್ತಲೆಯಲ್ಲಿದ್ದ ಮನೆಯಲ್ಲಿ ಅದೂ ಖಾಲಿಯೇ. ಬೆಂಗಳೂರಿನಲ್ಲಿ ಫೋನು ಸಾಯುವುದು ಅಜಾಗರೂಕತೆ ಅನ್ನಿಸಬಹುದು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ದಿನನಿತ್ಯದ ಮಾತು. ಫೋನನ್ನೇ ನಂಬಿರುವ ಟಿಕೆಟ್ ನಮ್ಮ ನಾಲ್ಕು ತಿಂಗಳಿಗೆ ಒಗ್ಗುವುದಿಲ್ಲ.

ಅದೇ ಮೈದುನ ತನ್ನ ಎನ್‌ಸಿಎಂಸಿ ಕಾರ್ಡನ್ನು, ಮೊದಲು ಹೇಳಿದ ಬ್ಯಾಂಕಿನವರ ಕಾರ್ಡನ್ನು, ಒಂದು ಸಲ ನನಗೆ ಕೊಟ್ಟ. ದೇಶಕ್ಕೆಲ್ಲ ಒಂದೇ ಕಾರ್ಡು ಎಂದು 2019ರಲ್ಲಿ ಹೊರತಂದದ್ದು. ನಮ್ಮ ಮೆಟ್ರೊದಲ್ಲೂ ನಡೆಯುತ್ತದೆ, ಬೇರೆ ಊರಿನ ಮೆಟ್ರೊಗಳಲ್ಲೂ ನಡೆಯುತ್ತದೆ. ಚೆನ್ನೈ, ದೆಹಲಿ ಎಂದು ತಿರುಗುವ ಅವನಿಗೆ ಅದು ಸರಿ. ನಾನೂ ಒಂದು ಮಾಡಿಸೋಣವೆಂದು ಹೊರಟೆ. ಬ್ಯಾಂಕೊಂದರ ಆ್ಯಪ್ ಹಾಕಿಕೊಂಡೆ, ಗುರುತಿನ ದಾಖಲೆ ಕೊಟ್ಟೆ, ಒಟಿಪಿ ಬರಲೆಂದು ಸಿಗ್ನಲ್ ಸಿಗುವ ತೋಟದ ಗೇಟಿನ ಹತ್ತಿರ ಹೋಗಿ ನಿಂತೆ. ಎರಡು ಸಂಜೆ ಹೀಗೆ ಕಳೆದ ಮೇಲೆ ಬಿಟ್ಟುಬಿಟ್ಟೆ. ಮೈಸೂರು ದಾಟಿದರೆ ಬೆಂಗಳೂರು, ಅಲ್ಲಿಂದ ಮುಂದೆ ನಾನು ಹೋಗುವುದಿಲ್ಲ. ಹಲವು ಊರುಗಳಲ್ಲಿ ನಡೆಯುವ ಕಾರ್ಡನ್ನು ಒಂದೇ ಊರಿಗಾಗಿ ಯಾಕೆ ಹೊತ್ತುಕೊಳ್ಳಲಿ?

ಇನ್ನು ನನ್ನ ಕಾರ್ಡಿನ ಮಾತು. ಸೊಪ್ಪಿನ ಕಟ್ಟಿನ ಆ ಪ್ರಯಾಣದಿಂದ ಮರಳುವಾಗಲೇ ಕೌಂಟರಿನಲ್ಲಿ ಎರಡು ಕಾರ್ಡು ಕೊಂಡೆ. ಒಂದು ಕಾರ್ಡಿನಲ್ಲಿ ಇಬ್ಬರು ಹೋಗಲಾಗುವುದಿಲ್ಲ, ತಲೆಗೊಂದು ಬೇಕು. ಇದರ ಗುಣ ಇಷ್ಟೇ: ದುಡ್ಡಿನ ಲೆಕ್ಕ ಕಾರ್ಡಿನೊಳಗಿನ ಚಿಪ್ಪಿನಲ್ಲೇ ಇರುತ್ತದೆ. ಗೇಟಿಗೆ ತಾಗಿಸಿದರೆ ಗೇಟೇ ಓದಿಕೊಳ್ಳುತ್ತದೆ. ನನ್ನ ಫೋನು ಬದುಕಿದೆಯೇ, ಸಿಗ್ನಲ್ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಮಳೆಯಲ್ಲಿ ನೆನೆದರೆ ಸೆರಗಿನಲ್ಲಿ ಒರೆಸಿದರಾಯಿತು.

ಉಳಿತಾಯವೂ ಇದೆ, ಅದೂ ರಾತ್ರಿ ಬಸ್ಸಿನಲ್ಲಿ ಬರುವ ನಮಗೇ ಹೆಚ್ಚು. 2025ರ ಫೆಬ್ರುವರಿಯಲ್ಲಿ ದರ ಏರಿ, ಗರಿಷ್ಠ ದರ 60 ಇದ್ದದ್ದು 90 ಆದಾಗ ಕಾರ್ಡಿಗೆ ಶೇ 5ರ ರಿಯಾಯಿತಿ ಉಳಿಯಿತು. ಜೊತೆಗೆ ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೊಂದು ಶೇ 5 ಸೇರಿತು. ಬೆಳಿಗ್ಗೆ 8ರ ಒಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ಮೇಲೆ. ಭಾನುವಾರ ದಿನವಿಡೀ ಶೇ 10. ನಮ್ಮ ಬಸ್ಸು ಸ್ಯಾಟಲೈಟ್ ಮುಟ್ಟುವುದೇ ಐದು, ಐದೂವರೆಗೆ. ಮರಳಿ ಹೊರಡುವುದು ಮಧ್ಯಾಹ್ನದ ಊಟ ಮುಗಿಸಿ. ಎರಡೂ ಕಡೆ ಶೇ 10 ತಾನಾಗಿಯೇ ಸಿಗುತ್ತದೆ. 60 ರೂಪಾಯಿಯ ಪ್ರಯಾಣವೆಂದು ಹಿಡಿದರೆ ಸಲಕ್ಕೆ 6 ರೂಪಾಯಿ. ಕಾರ್ಡಿಗೆ ಕೊಟ್ಟ 50 ಒಂಬತ್ತನೆಯ ಪ್ರಯಾಣದಲ್ಲಿ ತೀರಿತು. ಆಮೇಲಿನದೆಲ್ಲ ಲಾಭ.

ಬಸ್ಸಿನ ದಿನ ಆರಿಸುವಾಗ ಇದನ್ನೂ ನೋಡಿಕೊಳ್ಳಿ. ಭಾನುವಾರ ಮೊದಲ ರೈಲು 7 ಗಂಟೆಗೆ, ಶನಿವಾರ ರಾತ್ರಿ ಹೊರಟರೆ ಬಸ್ ನಿಲ್ದಾಣದಲ್ಲಿ ಕಾಯುವ ಕೆಲಸ. ಸೋಮವಾರ ಮಾತ್ರ ಊರಿನಿಂದ ಮರಳುವವರಿಗಾಗಿ 2025ರ ಜನವರಿಯಿಂದ ಮೊದಲ ರೈಲನ್ನು 4.15ಕ್ಕೆ ತಂದಿದ್ದಾರೆ. ನಾವೀಗ ಭಾನುವಾರ ರಾತ್ರಿಯ ಬಸ್ಸನ್ನೇ ಹಿಡಿಯುತ್ತೇವೆ.

ತೊಡಕು ಇಲ್ಲವೆಂದಲ್ಲ. ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇದ್ದರೇ ಗೇಟು ಒಳಬಿಡುತ್ತದೆ. ಎರಡು ಕಾರ್ಡೆಂದರೆ 180 ರೂಪಾಯಿ ಸದಾ ಅಲ್ಲೇ ಕುಳಿತಿರಬೇಕು. ತೋಟದ ಕೂಲಿ ಕೊಟ್ಟು ಕೈ ಖಾಲಿಯಾದ ತಿಂಗಳಲ್ಲಿ ಅದೂ ನೆನಪಾಗುತ್ತದೆ. ಮನೆಯಲ್ಲಿ ಕುಳಿತು ಫೋನಿನಿಂದ ದುಡ್ಡು ತುಂಬಿಸಬಹುದು. ಆದರೆ ಅದು ಕಾರ್ಡಿಗೆ ಇಳಿಯುವುದು ನಿಲ್ದಾಣದಲ್ಲಿ ತಾಗಿಸಿದ ಮೇಲೆಯೇ. ನಾನು ಆ ದಾರಿಗೇ ಹೋಗುವುದಿಲ್ಲ. ಊರಿಗೆ ಮರಳುವಾಗ ಇಂದಿರಾನಗರದ ಕೌಂಟರಿನಲ್ಲಿ ಎರಡಕ್ಕೂ ಮುನ್ನೂರು ಮುನ್ನೂರು ತುಂಬಿಸಿಬಿಡುತ್ತೇನೆ. ಮುಂದಿನ ಸಲ ಎಷ್ಟೇ ಮಳೆ ಬರಲಿ, ಕರೆಂಟ್ ಇರಲಿ ಬಿಡಲಿ, ಹೋಗಲು ಬರಲು ಟಿಕೆಟ್ ಕೈಯಲ್ಲೇ ಇದೆ.

ಫೋನು ಸದಾ ತುಂಬಿರುವ, ನಾಲ್ಕೈದು ಜನ ಒಟ್ಟಿಗೆ ವರ್ಷಕ್ಕೆರಡು ಸಲ ಹೋಗುವವರಾದರೆ ಕ್ಯೂಆರ್ ತೆಗೆದುಕೊಳ್ಳಿ, ಬೇಡವೆನ್ನುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ತಿಂಗಳು ತಿಂಗಳು ಹೋಗುವವರು ದಯವಿಟ್ಟು ಅವರ ಹೆಸರಿಗೊಂದು ಕಾರ್ಡು ಕೊಂಡುಕೊಡಿ.

ಹೊರಗೆ ಬರುವಾಗ ಗೇಟಿನ ಮೇಲಿನ ಚಿಕ್ಕ ಪರದೆಯಲ್ಲಿ ಉಳಿದ ದುಡ್ಡು ಕಾಣಿಸುತ್ತದೆ. ಮೊದಲೆಲ್ಲ ಅತ್ತೆಯವರು ಕಾರ್ಡು ತಾಗಿಸಿ, "ಎಷ್ಟಿದೆ ನೋಡು" ಎಂದು ನನ್ನತ್ತ ತಿರುಗುತ್ತಿದ್ದರು. ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿಚ್ಚಿದ ಮೇಲಿನ ಪ್ರಯಾಣದಲ್ಲಿ ಅವರೇ ಮುಂದೆ ಹೋಗಿ ತಾಗಿಸಿದರು, ಒಂದು ಕ್ಷಣ ಬಗ್ಗಿ ನೋಡಿದರು. "ಇನ್ನೂರ ನಲವತ್ತಾರು" ಎಂದು ಆಚೆಯಿಂದ ನನಗೆ ಕೂಗಿ ಹೇಳಿದರು.