ಐದು ಭೇಟಿ, ಹದಿನಾಲ್ಕು ತಿರುವು

ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್, ತವರು ಉಡುಪಿ. 2021ರ ಮಳೆಗಾಲದಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳ ಪೈಕಿ ಏಳನೆಯದರಲ್ಲಿ ನಮ್ಮ ಮಿನಿಬಸ್ ಜಾರಿ ತಡೆಗೋಡೆಗೆ ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮೂರು ವರ್ಷ ನಾನು ಘಾಟಿ ಇಳಿಯಲಿಲ್ಲ. ತೀರ್ಥಹಳ್ಳಿ ದಾಟುತ್ತಿದ್ದಂತೆ ಅಂಗೈ ಬೆವರಿ ಎದೆ ಹೊಡೆದುಕೊಳ್ಳುತ್ತಿತ್ತು. ಬಸ್ ನಿಲ್ಲಿಸಿ ಇಳಿದುಬಿಡುತ್ತಿದ್ದೆ. ಅಪ್ಪನ ವರ್ಷದ ತಿಥಿಗೂ ಹೋಗಲಾಗಲಿಲ್ಲ.

ಈ ಭಯಕ್ಕೆ ಸಮ್ಮೋಹನ ಚಿಕಿತ್ಸೆ (ಹಿಪ್ನಾಟಿಸಂ) ಮಾಡಿಸಿಕೊಳ್ಳಲು ಮೊದಲು ಹೋದದ್ದು ಬೆಂಗಳೂರಿನ ಒಂದು ಕೇಂದ್ರಕ್ಕೆ. 18,000 ರೂಪಾಯಿ ಮುಂಗಡ ಕಟ್ಟಿಸಿಕೊಂಡು, ಹಿಂದಿನ ಜನ್ಮದಲ್ಲಿ ನೀವು ಬೆಟ್ಟದಿಂದ ಬಿದ್ದು ಸತ್ತಿದ್ದಿರಿ ಎಂದರು. ವಾರವಿಡೀ ನಿದ್ದೆ ಬರಲಿಲ್ಲ. ಸಮ್ಮೋಹನದಲ್ಲಿ ನಡೆಯದ ಸಂಗತಿಯೂ ನೆನಪಿನಂತೆ ಮೂಡಬಹುದು ಎನ್ನುವುದು ಆಮೇಲೆ ತಿಳಿಯಿತು. ಅಂಥ ಜಾಗಕ್ಕೆ ದಯವಿಟ್ಟು ದುಡ್ಡು ಕೊಡಬೇಡಿ.

ಆಮೇಲೆ ಶಿವಮೊಗ್ಗದಲ್ಲೇ ಸಮ್ಮೋಹನ ಮಾಡುವ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋದಾಗ ಮೊದಲು ಕಂಡದ್ದು ಗೋಡೆಯಲ್ಲಿದ್ದ ಭಾರತೀಯ ಪುನರ್ವಸತಿ ಪರಿಷತ್ತಿನ (ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ಸಂಸ್ಥೆ) ನೋಂದಣಿ ಪತ್ರ. ಮೊದಲ ದಿನ ಸಮ್ಮೋಹನವೇ ಇಲ್ಲ. ನಿದ್ದೆ, ಥೈರಾಯ್ಡ್, ಫಿಟ್ಸ್, ಕಿವಿಯಲ್ಲಿ ಯಾರಾದರೂ ಮಾತಾಡಿದ ಹಾಗೆ ಕೇಳುತ್ತದೆಯೇ, ಎಲ್ಲ ವಿಚಾರಿಸಿದರು. "ಮೈಮರೆತು ಏನಾದರೂ ಬಾಯಿ ಬಿಟ್ಟೇನೇ?" ಎಂದು ಕೇಳಿದೆ. "ಇದು ನಿದ್ದೆ ಅಲ್ಲ ಟೀಚರ್. 1840ರ ದಶಕದಲ್ಲಿ ಜೇಮ್ಸ್ ಬ್ರೇಡ್ ಎಂಬ ವೈದ್ಯರು ಗ್ರೀಕ್‌ನ ನಿದ್ದೆಯ ಪದ ಹಿಡಿದು ಇದಕ್ಕೆ ಹಿಪ್ನಾಟಿಸಂ ಎಂದು ಹೆಸರಿಟ್ಟರು, ಗೊಂದಲ ಅಲ್ಲಿಂದಲೇ" ಎಂದರು.

ಪಕ್ಕದಲ್ಲೇ ಹಿಟ್ಟಿನ ಗಿರಣಿ, ಗೋಡೆಯೇ ಗುಂಯ್‌ಗುಡುತ್ತದೆ. ಎರಡನೇ ಭೇಟಿಯಲ್ಲಿ ಕಣ್ಣು ಮುಚ್ಚಿಸಿ, "ಗಿರಣಿ ಅದರ ಪಾಡಿಗೆ ತಿರುಗಲಿ, ನಿಮ್ಮ ಉಸಿರು ಅದರ ಪಾಡಿಗೆ ಇಳಿಯಲಿ" ಎನ್ನುತ್ತ ಹೋದರು. ರೆಪ್ಪೆ ಭಾರವಾಯಿತು, ಬೆರಳ ತುದಿ ಬೆಚ್ಚಗಾಯಿತು. ಎಲ್ಲವೂ ಕೇಳುತ್ತಿತ್ತು, ಎದ್ದು ಹೋಗಬೇಕು ಅನ್ನಿಸುತ್ತಿರಲಿಲ್ಲ, ಅಷ್ಟೇ. ಆ ಸ್ಥಿತಿಯಲ್ಲೇ ಮನಸ್ಸಿನೊಳಗೆ ಒಂದೊಂದೇ ತಿರುವು ಇಳಿಸಿದರು. ಹೆದರಿದರೆ ಒಂದು ತಿರುವು ಮೇಲಕ್ಕೆ. ಧ್ವನಿಯನ್ನು ನನ್ನ ಮೊಬೈಲ್‌ಗೆ ಹಾಕಿಕೊಟ್ಟು ದಿನಾ ರಾತ್ರಿ ಕೇಳಿ ಎಂದರು. ಜೊತೆಗೆ ನಿಜವಾದ ಪ್ರಯಾಣವೂ ಕಡ್ಡಾಯ: ಒಂದು ಭಾನುವಾರ ತೀರ್ಥಹಳ್ಳಿ, ಮುಂದಿನ ಭಾನುವಾರ ಆಗುಂಬೆ ಪೇಟೆ. ಬರೀ ಸಮ್ಮೋಹನದಿಂದ ವಾಸಿಯಾಯಿತು ಎಂದು ನಾನು ಹೇಳಲಾರೆ.

ಭೇಟಿಗೆ 1,200 ರೂಪಾಯಿ, ಒಟ್ಟು ಐದು. ಶನಿವಾರ ಒಂದು ಗಂಟೆ ಕಾಯಿಸುತ್ತಾರೆ, ಕೂರಲು ಮೂರೇ ಕುರ್ಚಿ.

2024ರ ಆಗಸ್ಟ್‌ನಲ್ಲಿ, ಮಳೆಯಲ್ಲೇ, ಮಿನಿಬಸ್ ಹತ್ತಿದೆ. ಏಳನೇ ತಿರುವಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ, ಗಿರಣಿಯನ್ನು ನೆನೆದೆ. ಸೋಮೇಶ್ವರ ಬಂದ ಮೇಲೆ ಫೋನ್ ಮಾಡಿದೆ: "ಅಮ್ಮಾ, ಘಾಟಿ ಇಳಿದೆ. ಅನ್ನಕ್ಕಿಡು."