ಆಗುಂಬೆಯಲ್ಲಿ ಮಗುಚಿದ ಕೊಡೆ, ತೀರ್ಥಹಳ್ಳಿಯಲ್ಲಿ ಸಿಕ್ಕ ಕೊಡೆ

ಊರೂರು ಸುತ್ತಿ ಬರೆಯುವುದು ನನ್ನ ಕೆಲಸ. ಬಸ್ಸು, ಬೆಟ್ಟ, ಖಾನಾವಳಿ, ಬಸ್‌ಸ್ಟ್ಯಾಂಡಿನ ಬಜ್ಜಿ ಎಲ್ಲದರ ಬಗ್ಗೆಯೂ ಬರೆದಾಗಿದೆ. ಕೊಡೆ ಬಗ್ಗೆ ಮಾತ್ರ ಇದುವರೆಗೆ ಒಂದು ಸಾಲೂ ಬರೆದಿರಲಿಲ್ಲ. ಈ ಮಳೆಗಾಲದಲ್ಲಿ ಎರಡೆರಡು ಕೊಡೆಗೆ ದುಡ್ಡು ಸುರಿದ ಮೇಲೆ ಬರೆಯದೆ ಇರಲು ಆಗುತ್ತಿಲ್ಲ.

ಮೊದಲನೆಯದು ತ್ರೀ ಫೋಲ್ಡ್ ಕೊಡೆ. ಆನ್‌ಲೈನಲ್ಲಿ ತರಿಸಿದ್ದು, 649 ರೂಪಾಯಿ. ಕಂಪನಿ ಹೆಸರು ಬೇಡ ಬಿಡಿ, ಎಲ್ಲರದ್ದೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಬಟನ್ ಒತ್ತಿದರೆ ತೆರೆಯುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಮಡಚಿದರೆ ಒಂದು ನೀರಿನ ಬಾಟಲಿಯಷ್ಟು. ಚೀಲದ ಪಕ್ಕದ ಜೇಬಿನಲ್ಲಿ ಕೂತರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ ‘ವಿಂಡ್‌ಪ್ರೂಫ್’ ಎಂದು ಬರೆದಿತ್ತು. ಒಳಗಿದ್ದ ವಾರಂಟಿ ಚೀಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಗಾಳಿಯಿಂದ ಆದ ಹಾನಿಗೆ ವಾರಂಟಿ ಇಲ್ಲ ಎಂದಿತ್ತು. ಆ ಚೀಟಿ ಓದಿದ್ದು ಕೊಡೆ ಮುರಿದ ಮೇಲೆ ಅನ್ನುವುದು ನನ್ನದೇ ತಪ್ಪು.

ಬೆಂಗಳೂರಿನಲ್ಲಿ ಒಂದೂವರೆ ತಿಂಗಳು ಅದು ಚೆನ್ನಾಗಿಯೇ ಇತ್ತು. ಇಲ್ಲಿನ ಮಳೆಯ ಲೆಕ್ಕ ಬೇರೆ. ಸಂಜೆ ಐದಕ್ಕೆ ಮೋಡ, ಆರಕ್ಕೆ ಜೋರು ಮಳೆ, ಏಳಕ್ಕೆ ಬರೀ ಟ್ರಾಫಿಕ್. ಆಫೀಸಿನ ಗೇಟಿನಿಂದ ಆಟೋವರೆಗೆ, ಆಟೋದಿಂದ ಮನೆ ಬಾಗಿಲವರೆಗೆ ತಲೆ ಕಾಪಾಡಿದರೆ ಸಾಕು. ಅಷ್ಟಕ್ಕೆ ಈ ಕೊಡೆ ಧಾರಾಳ ಸಾಕು. ಒಂದೇ ಒಂದು ಸಲ ಮರ್ಯಾದೆ ಕಳೆಯಿತು. ತುಂಬಿದ ಬಸ್ಸಿನಲ್ಲಿ ಯಾರದೋ ಮೊಣಕೈ ಚೀಲಕ್ಕೆ ತಾಗಿ, ಬಟನ್ ಒತ್ತಿಹೋಗಿ, ಕೊಡೆ ಜೇಬಿನಿಂದ ಬಾಣದ ಹಾಗೆ ನುಗ್ಗಿ ಬಂತು. ಎದುರು ಕೂತಿದ್ದ ಹಿರಿಯರ ಕನ್ನಡಕ ಮಡಿಲಿಗೆ ಬಿತ್ತು. ಅವರು ಬೈಯಲಿಲ್ಲ. ‘ಮಳೆ ಹೊರಗೆ ಬರ್ತಾ ಇದೆಯಮ್ಮ’ ಅಂದರು ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಜುಲೈನಲ್ಲಿ ಆಗುಂಬೆಗೆ ಹೊರಟೆ. ಮಳೆಗಾಲದ ಮಲೆನಾಡಿನ ಬಗ್ಗೆ ಒಂದು ಲೇಖನ ಬೇಕಾಗಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಬೆಂಗಳೂರಿನದು ಸಾವಿರದ ಆಸುಪಾಸು. ಅಂದರೆ ನಮ್ಮಲ್ಲಿ ಇಡೀ ವರ್ಷ ಬೀಳುವುದು ಅಲ್ಲಿ ಮಳೆಗಾಲದ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ಇಷ್ಟೆಲ್ಲ ಓದಿಕೊಂಡು, ಟಿಪ್ಪಣಿ ಮಾಡಿಕೊಂಡು, ಅದೇ 649 ರೂಪಾಯಿಯ ಕೊಡೆ ಹಿಡಿದು ಹೋದವಳು ನಾನು. ಅಮ್ಮ ಹೊರಡುವಾಗಲೇ ಹೇಳಿದ್ದಳು, ‘ಆ ಆಟದ ಸಾಮಾನು ಬಿಡೇ, ಮೊಳೆಗೆ ನೇತುಹಾಕಿರೋ ಉದ್ದ ಕೊಡೆ ತಗೊಂಡು ಹೋಗು’ ಅಂತ. ಚೀಲದಲ್ಲಿ ಹಿಡಿಯುವುದಿಲ್ಲ ಎಂದು ಬಿಟ್ಟು ಬಂದೆ.

ಉಡುಪಿ ಕಡೆಯಿಂದ ಮಿನಿ ಬಸ್ಸಿನಲ್ಲಿ ಘಾಟಿ ಹತ್ತಿದೆ. ಹದಿನಾಲ್ಕು ತಿರುವು, ಕಿಟಕಿಯ ಆಚೆ ಬರೀ ಹಾಲಿನಂಥ ಮಂಜು. ಸನ್‌ಸೆಟ್ ಪಾಯಿಂಟಿನಲ್ಲಿ ಆಕಾಶ ಶುಭ್ರವಾಗಿದ್ದರೆ ಅರಬ್ಬೀ ಸಮುದ್ರ ಕಾಣುತ್ತದಂತೆ. ಜುಲೈನಲ್ಲಿ ಪಕ್ಕದವರ ಮುಖ ಕಂಡರೆ ಪುಣ್ಯ. ಅಲ್ಲಿ ಕೊಡೆ ಬಿಚ್ಚಿದೆ. ಎರಡು ನಿಮಿಷ ಮಳೆ ಮೇಲಿನಿಂದ ಬಂತು. ಆಮೇಲೆ ಕಣಿವೆಯೊಳಗಿಂದ ಗಾಳಿ ಎದ್ದು, ಮಳೆಯನ್ನೂ ಜತೆಗೆ ಕರೆದುಕೊಂಡು, ಕೆಳಗಿನಿಂದ ಮೇಲಕ್ಕೆ ಬಂತು. ನನ್ನ ಕೊಡೆ ಫಟ್ ಅಂತ ಮಗುಚಿ ತಾವರೆ ಹೂವಾಯಿತು. ಸರಿಮಾಡಿದೆ. ಮತ್ತೆ ಮಗುಚಿತು. ಮೂರನೇ ಸಲ ಟಕ್ ಎಂದು ಸದ್ದಾಯಿತು, ಒಂದು ಕಡ್ಡಿ ಬಾತುಕೋಳಿಯ ಕಾಲಿನ ಹಾಗೆ ಕೆಳಗೆ ಜೋತುಬಿತ್ತು.

ರಾತ್ರಿ ಹೋಂಸ್ಟೇಯಲ್ಲಿ ಕಷಾಯ ಕುಡಿಯುತ್ತಾ, ಕಾಲಿಗೆ ಹತ್ತಿದ್ದ ಇಂಬಳಕ್ಕೆ ಸುಣ್ಣ ಹಚ್ಚಿ ಬಿಡಿಸಿ, ಕೊಡೆಯ ಶವಪರೀಕ್ಷೆ ಮಾಡಿದೆ. ವಿಷಯ ಸರಳ. ಮೂರು ಮಡಿಕೆ ಆಗಬೇಕಾದರೆ ಒಂದೊಂದು ಕಡ್ಡಿಯಲ್ಲೂ ಎರಡು ಮೂರು ಕೀಲು ಇರಬೇಕು. ಆ ಕೀಲಿನಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ರಿವೆಟ್. ಅದರ ಸುತ್ತಲಿನ ತಗಡು ನನ್ನ ಉಗುರಿಗಿಂತ ದಪ್ಪ ಇರಲಿಲ್ಲ. ಗಾಳಿಯ ಪೆಟ್ಟೆಲ್ಲ ಬಂದು ಕೂರುವುದು ಅಲ್ಲೇ. ಎಂಟು ಕಡ್ಡಿಯಲ್ಲಿ ಒಂದು ಹೋದರೆ ಆ ಕಡೆಯ ಬಟ್ಟೆ ಸಡಿಲ, ಬಟ್ಟೆ ಸಡಿಲವಾದರೆ ಪಕ್ಕದ ಕಡ್ಡಿಗೂ ಗ್ರಹಚಾರ. ಚೀಲದಲ್ಲಿ ಹಿಡಿಯುವ ಗುಣವೇ ಅದನ್ನು ಮುರಿಯುತ್ತದೆ. ಇನ್ನೊಂದು ಮಾತು, ಒದ್ದೆ ಕೊಡೆಯನ್ನು ಅದರ ಪುಟ್ಟ ಕವರಿಗೆ ತುರುಕಿ ಚೀಲದಲ್ಲಿಟ್ಟಿದ್ದೆ. ಕವರ್ ಸೋರಿ, ಘಾಟಿಯ ತಿರುವುಗಳ ಬಗ್ಗೆ ಬರೆದಿದ್ದ ನಾಲ್ಕು ಪುಟ ನೀಲಿ ಮೋಡವಾಗಿತ್ತು.

ಮಾರನೇ ದಿನ ತೀರ್ಥಹಳ್ಳಿಗೆ ಇಳಿದೆ. ಪೇಟೆಯ ಅಂಗಡಿಯೊಂದರ ಮುಂದೆ ಕೊಡೆಗಳನ್ನು ಬಾಳೆಗೊನೆ ಹಾಗೆ ತೂಗುಹಾಕಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅಂಗಡಿಯವರು, ‘ಇದನ್ನ ಹಿಡ್ಕೊಂಡು ಆಗುಂಬೆಗೆ ಹೋಗಿದ್ರಾ ಮಾರಾಯ್ರೆ?’ ಅಂದರು. ಕರಿ ಬಟ್ಟೆಯ, ಬಾಗಿದ ಹಿಡಿಯ ಉದ್ದ ಕೊಡೆ ತೆಗೆದುಕೊಟ್ಟರು. 420 ರೂಪಾಯಿ. ಬಟನ್ ಗಿಟನ್ ಇಲ್ಲ, ಕೈಯಲ್ಲೇ ತಳ್ಳಿ ಬಿಚ್ಚಬೇಕು. ಕೊಡುವ ಮೊದಲು ಅವರು ಬಿಚ್ಚಿ, ಬೆಳಕಿಗೆ ಹಿಡಿದು ತೂತು ನೋಡಿದರು. ಪ್ರತಿ ಕಡ್ಡಿಯ ತುದಿಯಲ್ಲೂ ಬಟ್ಟೆಗೆ ಹೊಲಿಗೆ ಬಿಗಿಯಾಗಿದೆಯಾ ಎಂದು ಬೆರಳಿನಲ್ಲಿ ಎಳೆದು ನೋಡಿದರು. ಆನ್‌ಲೈನಲ್ಲಿ ಈ ಸೇವೆ ಇಲ್ಲ.

ಆ ಕೊಡೆ ಹಿಡಿದು ಮತ್ತೆ ಆಗುಂಬೆಗೆ ಹೋದೆ, ಹಟಕ್ಕೆ. ಗಾಳಿ ಅದೇ, ಮಳೆ ಅದೇ. ಕೊಡೆ ನಡುಗಿತು, ನನ್ನನ್ನು ಎರಡು ಹೆಜ್ಜೆ ಎಳೆದುಕೊಂಡೂ ಹೋಯಿತು, ಮಗುಚಲಿಲ್ಲ. ಕುಂದಾದ್ರಿಯ ಜಾರುವ ಮೆಟ್ಟಿಲಲ್ಲಿ ಊರುಗೋಲಾಯಿತು. ಬಸ್‌ಸ್ಟಾಪಿನ ನಾಯಿಗಳ ಮುಂದೆ ಸುಮ್ನೆ ಹಿಡಿದು ನಿಂತರೂ ಸಾಕು, ಮರ್ಯಾದೆ ಸಿಗುತ್ತಿತ್ತು. ಬಾಗಿದ ಹಿಡಿಯಿಂದ ಪೇರಳೆ ಕೊಂಬೆಯನ್ನೂ ಬಗ್ಗಿಸಿದ್ದೇನೆ, ಯಾರ ತೋಟ ಅಂತ ಕೇಳಬೇಡಿ.

ಹಾಗಂತ ಇದಕ್ಕೂ ಐದು ನಕ್ಷತ್ರ ಕೊಡುವುದಿಲ್ಲ. ಸೊಂಟದ ಕೆಳಗೆ ಪೂರ್ತಿ ಒದ್ದೆ. ಮತ್ತೆ ಕೊಡೆ ಹಿಡಿದವರಿಗೆ ಒಂದು ಕೈ ಇಲ್ಲ ಅಂತಲೇ ಲೆಕ್ಕ. ಫೋಟೊ ತೆಗೆಯುವುದು, ಬರೆದುಕೊಳ್ಳುವುದು, ಇಂಬಳ ಕೀಳುವುದು ಎಲ್ಲವೂ ಒಂದೇ ಕೈಯಲ್ಲಿ. ಕೆಲವು ವರ್ಷದ ಹಿಂದೆ ಮೇಘಾಲಯದ ಸೊಹ್ರಾಕ್ಕೆ ಹೋಗಿದ್ದೆ. ಚಿರಾಪುಂಜಿ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಊರು ಅದೇ. 1860ರ ಆಗಸ್ಟಿನಿಂದ 1861ರ ಜುಲೈವರೆಗೆ ಅಲ್ಲಿ 26,461 ಮಿಲಿಮೀಟರ್ ಮಳೆ ಬಿದ್ದದ್ದು ಇವತ್ತಿಗೂ ದಾಖಲೆ. ಅಲ್ಲಿ ಹೊಲದಲ್ಲಿ ಕೆಲಸ ಮಾಡುವವರು ಕೊಡೆ ಹಿಡಿಯುವುದಿಲ್ಲ. ಬಿದಿರು ಮತ್ತು ಎಲೆಯಿಂದ ಹೆಣೆದ ‘ಕ್ನುಪ್’ ಅನ್ನು ತಲೆಯಿಂದ ಬೆನ್ನಿಗೆ ಹೊದ್ದುಕೊಳ್ಳುತ್ತಾರೆ. ಬಗ್ಗಿದರೆ ಆಮೆಯ ಬೆನ್ನು, ಎರಡೂ ಕೈ ಖಾಲಿ. ನಾನು ಅದನ್ನು ಕಂಡು ಆಹಾ ಓಹೋ ಎಂದು ಅರ್ಧ ಪುಟ ಬರೆದಿದ್ದೆ. ತೀರ್ಥಹಳ್ಳಿಯಿಂದ ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದರೆ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು, ಒಂದಿಬ್ಬರು ಹಿರಿಯರ ಬೆನ್ನ ಮೇಲೆ ಕ್ನುಪ್‌ನ ಹಾಗೇ ಹೊದೆಯುವ ನಮ್ಮದೇ ಗೊರಬು! ಉಳಿದವರೆಲ್ಲ ಪ್ಲಾಸ್ಟಿಕ್ ಕೊಪ್ಪೆಯಲ್ಲಿದ್ದರು. ಮನೆ ಹಿತ್ತಲಿನ ವಸ್ತು ನೋಡಲು ಶಿಲ್ಲಾಂಗ್‌ವರೆಗೆ ಟಿಕೆಟ್ ತೆಗೆಸಿದ್ದೆ ನಾನು.

ಉದ್ದ ಕೊಡೆಯ ಇನ್ನೊಂದು ದೋಷ, ಅದು ಮರೆತುಹೋಗುತ್ತದೆ. ಶಿವಮೊಗ್ಗದಲ್ಲಿ ಇಳಿದು ಹತ್ತು ಹೆಜ್ಜೆ ನಡೆದಿದ್ದೆ. ಹಿಂದಿನಿಂದ ಕಂಡಕ್ಟರ್ ‘ಯಾರ್ದ್ರೀ ಕೊಡೆ, ಕೊಡೇ...’ ಎಂದು ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದರು. ಐದಾರು ಜನ ತಿರುಗಿದರು, ಅದರಲ್ಲಿ ಒಬ್ಬರು ನನಗಿಂತ ಮೊದಲೇ ಹೊರಟಿದ್ದರು. ಓಡಿ ಹೋಗಿ ಬಿಡಿಸಿಕೊಂಡೆ.

ಯಾವುದು ತಗೊಳ್ಳಬೇಕು ಅಂತ ಕೇಳಿದರೆ, ಆಫೀಸು ಮನೆ ಅಂತ ಇರುವವರಿಗೆ ತ್ರೀ ಫೋಲ್ಡ್ ಸಾಕು, ಆದರೆ ಬಟನ್ ಇಲ್ಲದ್ದು ನೋಡಿ ತಗೊಳ್ಳಿ, 300 ರೂಪಾಯಿಗಿಂತ ಜಾಸ್ತಿ ಕೊಡಬೇಡಿ. ಜೂನ್ ದಾಟಿದ ಮೇಲೆ ಘಾಟಿ ಕಡೆ ಹೋಗುವವರು ಉದ್ದದ್ದನ್ನೇ ಹಿಡಿದು ಹೋಗಿ, ಅದೂ ಅಲ್ಲಿನ ಅಂಗಡಿಯಲ್ಲೇ ಕೊಂಡರೆ ಒಳ್ಳೆಯದು. ತ್ರೀ ಫೋಲ್ಡ್‌ಗೆ ಎರಡು ನಕ್ಷತ್ರ, ಉದ್ದ ಕೊಡೆಗೆ ನಾಲ್ಕು.

ಮುರಿದ ಕೊಡೆಯನ್ನು ಬಿಸಾಡಲು ಅಮ್ಮ ಬಿಡಲಿಲ್ಲ. ಕಡ್ಡಿಯಿಂದ ಬಟ್ಟೆ ಬಿಡಿಸಿ, ಮೆಷಿನ್ನಿನಲ್ಲಿ ಎರಡು ಹೊಲಿಗೆ ಹಾಕಿ ತರಕಾರಿ ಚೀಲ ಮಾಡಿದ್ದಾಳೆ. ಹಸಿ ಸೊಪ್ಪು ತಂದರೂ ಒಂದು ಹನಿ ಸೋರುವುದಿಲ್ಲ. ಪಕ್ಕದ ಮನೆಯವರು ಇಂಥದ್ದೇ ಎರಡು ಬೇಕು ಅಂದಿದ್ದಾರೆ, ಹಳೇ ಕೊಡೆ ಇದ್ದರೆ ಕೊಡಿ ಎಂದು ಅಮ್ಮ ಬೀದಿಯೆಲ್ಲ ಕೇಳುತ್ತಿದ್ದಾಳೆ.