ಲಿಡೋಕೇನ್ ಪ್ಯಾಚ್: ಮೂರು ವರ್ಷ ಬಳಸಿದ ಮೇಲೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಚರ್ಮಕ್ಕೆ ಅಂಟಿಸುವ, ಮರಗಟ್ಟಿಸುವ ಔಷಧಿ ಇರುವ ಈ ಪ್ಯಾಚ್ ಸರ್ಪಸುತ್ತಿನ ಮೇಲೆ ಉಳಿದ ನನ್ನ ನೋವನ್ನು ವಾಸಿ ಮಾಡಿಲ್ಲ. ಆದರೆ ಇದರಿಂದ ನಾನು ಮತ್ತೆ ಮೈಮೇಲೆ ಅಂಗಿ ಹಾಕಿಕೊಳ್ಳುವಂತಾಯಿತು. ಬಟ್ಟೆ ತಾಗಿದರೆ ಸಾಕು ಚರ್ಮ ಉರಿಯುತ್ತದೆ ಅನ್ನುವವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಿರುತ್ತದೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಸರ್ಪಸುತ್ತು ಆಗಿದ್ದು ಎಡ ಪಕ್ಕೆಯಲ್ಲಿ. ಬೆನ್ನಿನಿಂದ ಶುರುವಾಗಿ ಎದೆಯ ಕೆಳಗಿನವರೆಗೆ ಒಂದು ಬೆಲ್ಟ್ ಕಟ್ಟಿದ ಹಾಗೆ ಗುಳ್ಳೆ ಎದ್ದವು. ಚಿಕ್ಕಂದಿನಲ್ಲಿ ಬಂದು ಹೋದ ಚಿಕನ್‌ಪಾಕ್ಸ್ ವೈರಸ್ಸೇ ನರದ ಬುಡದಲ್ಲಿ ಇಷ್ಟು ವರ್ಷ ಅಡಗಿ ಕೂತಿರುತ್ತದೆ. ಮತ್ತೆ ಎದ್ದಾಗ ಆ ನರ ಹೋಗುವ ದಾರಿಯಲ್ಲೇ ಚರ್ಮಕ್ಕೆ ಬರುತ್ತದೆ, ಅದಕ್ಕೇ ಗುಳ್ಳೆ ಮೈಯ ಒಂದೇ ಬದಿಗೆ ಇರುವುದು. ನಾಲ್ಕು ವಾರದಲ್ಲಿ ಹಕ್ಕಳೆ ಉದುರಿ ಚರ್ಮ ಸರಿಯಾಯಿತು. ಮುಗಿಯಿತು ಅಂದುಕೊಂಡೆ. ನೋವು ಮಾತ್ರ ಅಲ್ಲೇ ಕೂತಿತು. ಮೂರು ತಿಂಗಳು ದಾಟಿದ ಮೇಲೂ ಹೀಗೆ ಉಳಿದ ನೋವಿಗೆ ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಅಂತ ಹೆಸರು.

ಆ ನೋವಿನಲ್ಲಿ ಮೂರು ಬಗೆ ಇತ್ತು. ಪ್ಯಾಚ್ ಯಾರಿಗೆ ಕೆಲಸ ಮಾಡುತ್ತದೆ ಅನ್ನುವುದು ಇದರ ಮೇಲೇ ನಿಂತಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು, ಒಳಗೆ ಎಲ್ಲೋ ಸದಾ ಹಿಂಡುವ ನೋವು. ಎರಡನೆಯದು ಇದ್ದಕ್ಕಿದ್ದ ಹಾಗೆ ಕರೆಂಟ್ ಹೊಡೆದಂತೆ ಬಂದು ಹೋಗುವುದು, ಮಾತಾಡುತ್ತಿದ್ದರೆ ಮಾತು ಅಲ್ಲೇ ನಿಲ್ಲುತ್ತಿತ್ತು. ಮೂರನೆಯದೇ ನನ್ನನ್ನು ಸೋಲಿಸಿದ್ದು: ಸುಮ್ನೆ ಏನಾದರೂ ತಾಗಿದರೂ ಉರಿ. ಫ್ಯಾನಿನ ಗಾಳಿ, ಬನಿಯನ್ನಿನ ಹೊಲಿಗೆ, ಹೊದಿಕೆಯ ಅಂಚು, ಮಗಳು ಓಡಿ ಬಂದು ತಬ್ಬಿಕೊಳ್ಳುವುದು. ಜೋರಾಗಿ ಒತ್ತಿದರೆ ಅಷ್ಟು ನೋವಿಲ್ಲ, ಮೆಲ್ಲಗೆ ಸವರಿದರೆ ಜೀವ ಹೋಗುತ್ತದೆ. ವೈರಸ್ ಹಾಳು ಮಾಡಿದ ನರದ ಎಳೆಗಳು ಕಾರಣವಿಲ್ಲದೆ ಸಂದೇಶ ಕಳಿಸುತ್ತಾ ಇರುತ್ತವೆ, ಮೆದುಳು ಅದನ್ನು ಉರಿ ಅಂತಲೇ ಓದುತ್ತದೆ.

ಮೊದಲು ಕೊಟ್ಟಿದ್ದು ಪ್ರೆಗಾಬಾಲಿನ್ ಮಾತ್ರೆ. ನೋವು ಕಮ್ಮಿಯಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಡೋಸ್ ಏರಿಸಿದಂತೆ ದಿನವಿಡೀ ಮಂಪರು, ಎದ್ದು ನಿಂತರೆ ತಲೆ ಸುತ್ತು, ಹೇಳಬೇಕಾದ ಪದ ಬಾಯಿಗೆ ಬಾರದ ಪಾಡು. ಇದಕ್ಕಿಂತ ಏರಿಸಲಾರೆ ಅಂದಾಗ ಡಾಕ್ಟರ್ 5% ಲಿಡೋಕೇನ್ ಪ್ಯಾಚ್ ಬರೆದರು. ಲಿಡೋಡರ್ಮ್, ವರ್ಸಾಟಿಸ್ ಅಂತ ಬೇರೆ ಬೇರೆ ಹೆಸರಲ್ಲಿ ಬರುವುದು ಇದೇ. ಇನ್ನೊಂದು ಔಷಧಿ, ಇನ್ನೊಂದು ಸೈಡ್ ಎಫೆಕ್ಟ್ ಅಂತ ಮನೆಯಲ್ಲಿ ಅಮ್ಮ ಹೆದರಿದರು. ಹಲ್ಲು ಕೀಳುವ ಮೊದಲು ಚುಚ್ಚುತ್ತಾರಲ್ಲ, ಅದೇ ಔಷಧಿ, ಸ್ವೀಡನ್‌ನಲ್ಲಿ 1943ರಲ್ಲೇ ತಯಾರಾದದ್ದು ಅಂತ ತಿಳಿಸಿದ ಮೇಲೆ ಅವರಿಗೆ ಸಮಾಧಾನ ಆಯಿತು. ಪ್ಯಾಚ್ ರೂಪದಲ್ಲಿ ಈ ನೋವಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ.

ಒಂದು ಪ್ಯಾಚ್ 10 ಸೆಂಟಿಮೀಟರ್ ಅಗಲ, 14 ಸೆಂಟಿಮೀಟರ್ ಉದ್ದ. ಮುಟ್ಟಿದರೆ ತಣ್ಣಗೆ, ಮೆತ್ತಗೆ, ಜೆಲ್ ಹಚ್ಚಿದ ಬಟ್ಟೆಯ ಹಾಗೆ. ಅದರಲ್ಲಿ 700 ಮಿಲಿಗ್ರಾಂ ಲಿಡೋಕೇನ್ ಇರುತ್ತದೆ. ಸರಿಯಾಗಿ ಬಳಸಿದರೆ ಸುಮಾರು 3% ಮಾತ್ರ ರಕ್ತಕ್ಕೆ ಸೇರುತ್ತದೆ. ಅಂದರೆ ಔಷಧಿ ಅಂಟಿಸಿದ ಜಾಗದ ಚರ್ಮದಲ್ಲೇ ಕೆಲಸ ಮಾಡುತ್ತದೆ, ತಲೆಗೆ ಹೋಗಿ ಮಂಪರು ತರುವುದಿಲ್ಲ. ನರದ ಎಳೆಗಳಲ್ಲಿ ಸೋಡಿಯಂ ಒಳಬರುವ ಬಾಗಿಲುಗಳಿವೆ, ಲಿಡೋಕೇನ್ ಅವುಗಳನ್ನು ಅಡ್ಡಗಟ್ಟುತ್ತದೆ, ಆಗ ಆ ಸುಳ್ಳು ಸಂದೇಶಗಳು ಕಮ್ಮಿಯಾಗುತ್ತವೆ.

ಮೊದಲ ದಿನ ನನಗೆ ನಿರಾಸೆಯೇ ಆಯಿತು. ಹಲ್ಲಿನ ಡಾಕ್ಟರ್ ಹತ್ತಿರ ತುಟಿ ಮರಗಟ್ಟುತ್ತದಲ್ಲ, ಹಾಗೆ ಪಕ್ಕೆ ಪೂರ್ತಿ ಮರಗಟ್ಟುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಬೆರಳು ತಾಗಿದ್ದು ಗೊತ್ತಾಗುತ್ತಲೇ ಇತ್ತು. ನಕಲಿ ಮಾಲಿರಬೇಕು ಅಂತಲೂ ಅನುಮಾನ ಬಂತು. ಆಮೇಲೆ ತಿಳಿಯಿತು, ಇದು ಇರುವುದೇ ಹೀಗೆ. ಸ್ಪರ್ಶ ಉಳಿಯುತ್ತದೆ, ಸ್ಪರ್ಶಕ್ಕೆ ಅಂಟಿಕೊಂಡ ಉರಿ ಇಳಿಯುತ್ತದೆ. ಎರಡು ವಾರ ಹಾಕಿ ನೋಡದೆ ತೀರ್ಮಾನ ಮಾಡಬೇಡಿ ಅಂತ ಡಾಕ್ಟರ್ ಹೇಳಿದ್ದರು, ಅದನ್ನು ಕೇಳಿದ್ದು ಒಳ್ಳೆಯದಾಯಿತು. ಐದನೆಯದೋ ಆರನೆಯದೋ ದಿನ ಸಂಜೆ ಅಂಗಿ ಬಿಚ್ಚುವಾಗ ಹೊಳೆಯಿತು, ಬೆಳಿಗ್ಗೆಯಿಂದ ನಾನು ಆ ಅಂಗಿಯನ್ನು ಮೈಯಿಂದ ಎತ್ತಿ ಹಿಡಿದೇ ಇರಲಿಲ್ಲ. ಅದಕ್ಕೂ ಮೊದಲು ಎಡಗೈ ಸದಾ ಅಂಗಿಯನ್ನು ಚಿವುಟಿ ಹಿಡಿದುಕೊಂಡೇ ಇರುತ್ತಿತ್ತು. ಅವತ್ತು ಮಂಚದ ಮೇಲೆ ಕೂತು ಅತ್ತುಬಿಟ್ಟೆ.

ಇಷ್ಟು ವರ್ಷದ ಮೇಲೆ ನನ್ನ ಲೆಕ್ಕ ಹೀಗಿದೆ. ಮುಟ್ಟಿದರೆ ಉರಿಯುವುದಕ್ಕೆ ತುಂಬಾ ಒಳ್ಳೆಯದು. ಕರೆಂಟ್ ಹೊಡೆಯುವುದು ಅಲ್ಪಸ್ವಲ್ಪ ಇಳಿಯಿತು. ಒಳಗಿನ ಹಿಂಡುವ ನೋವಿಗೆ ಏನೂ ಇಲ್ಲ, ಅದಕ್ಕೆ ಕಮ್ಮಿ ಡೋಸ್‌ನಲ್ಲಿ ಮಾತ್ರೆ ಇನ್ನೂ ನಡೆದಿದೆ. ನನ್ನ ಗೆಳೆಯರೊಬ್ಬರು ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಇದನ್ನೇ ಸೊಂಟಕ್ಕೆ ಹಾಕಿ ನೋಡಿದರು, ಒಂದು ತಿಂಗಳಾದರೂ ಏನೂ ವ್ಯತ್ಯಾಸ ಕಾಣಲಿಲ್ಲ. ಬೆನ್ನುಹುರಿಯ ಹತ್ತಿರ ಆಳದಲ್ಲಿ ಒತ್ತಿ ಹೋದ ನರಕ್ಕೆ ಚರ್ಮದ ಮೇಲಿನ ಔಷಧಿ ಹೇಗೆ ತಲುಪಬೇಕು, ಅಲ್ವಾ? ನೋವಿರುವ ಜಾಗವನ್ನು ಬೆರಳಲ್ಲಿ ಗೆರೆ ಎಳೆದು ತೋರಿಸಲು ಆಗಬೇಕು, ಅದು ಚರ್ಮದಲ್ಲೇ ಇರಬೇಕು. ಅಂಥವರಿಗೆ ಇದು.

ಈಗ 12 ಗಂಟೆಯ ವಿಷಯ. ನನ್ನ ದೊಡ್ಡ ತಕರಾರು ಇದೇ. ದಿನದ 24 ಗಂಟೆಯಲ್ಲಿ 12 ಗಂಟೆ ಮಾತ್ರ ಹಾಕಬೇಕು, ಮಿಕ್ಕ 12 ಗಂಟೆ ಚರ್ಮ ಖಾಲಿ ಇರಬೇಕು. ಒಂದೇ ಸಲಕ್ಕೆ ಹೆಚ್ಚೆಂದರೆ 3 ಪ್ಯಾಚ್. ಕೇಳಲು ಸುಲಭ. ಆದರೆ ಯಾವ 12 ಗಂಟೆ ಅನ್ನುವುದು ದಿನಾ ಒಂದು ಲೆಕ್ಕಾಚಾರ. ಶುರುವಿನಲ್ಲಿ ರಾತ್ರಿ ಹಾಕುತ್ತಿದ್ದೆ, ಯಾಕೆಂದರೆ ತಿಂಗಳುಗಟ್ಟಲೆ ಎಡಕ್ಕೆ ಹೊರಳಿ ಮಲಗಿರಲಿಲ್ಲ. ನಿದ್ದೆ ಬಂತು, ಆದರೆ ಬೆಳಿಗ್ಗೆ ತೆಗೆದ ಮೇಲೆ ಇಡೀ ದಿನ ಬಟ್ಟೆಯ ಜೊತೆ ಜಗಳ. ಹಗಲಿಗೆ ಬದಲಾಯಿಸಿದೆ, ಆಗ ಕೆಲಸ ಸಾಗಿತು, ರಾತ್ರಿ ಮತ್ತೆ ಬಲಕ್ಕೇ ಮಲಗುವುದಾಯಿತು. ಎರಡೂ ಬೇಕು ಅನಿಸಿ ಒಂದೆರಡು ಸಲ 12 ದಾಟಿಸಿ ಹದಿನಾರು, ಹದಿನೇಳು ಗಂಟೆ ಬಿಟ್ಟಿದ್ದೇನೆ. ಅದು ತಪ್ಪು, ಚರ್ಮ ಕೆಂಪಾಗಿ ಮೂರು ದಿನ ಪ್ಯಾಚನ್ನೇ ಹಾಕಲು ಆಗದ ಹಾಗಾಯಿತು. ಕೊನೆಗೆ ಕುದುರಿದ್ದು ಹೀಗೆ: ಮಧ್ಯಾಹ್ನ ಹನ್ನೆರಡಕ್ಕೆ ಹಾಕಿ ರಾತ್ರಿ ಹನ್ನೆರಡಕ್ಕೆ ತೆಗೆಯುವುದು. ತೆಗೆದ ತಕ್ಷಣ ಉರಿ ವಾಪಸ್ ಬರುವುದಿಲ್ಲ, ನನಗೆ ಎರಡು ಮೂರು ಗಂಟೆ ಅದರ ಪ್ರಭಾವ ಇರುತ್ತದೆ. ಅಷ್ಟರಲ್ಲಿ ನಿದ್ದೆ ಹತ್ತಿರುತ್ತದೆ. ಬೆಳಗಿನ ಹೊತ್ತು ಮಾತ್ರ ಕಷ್ಟ, ಆಗ ಹಳೆಯ ಮೆತ್ತಗಿನ ಹತ್ತಿ ಬನಿಯನ್ ಅನ್ನು ಹೊಲಿಗೆ ಹೊರಗೆ ಬರುವ ಹಾಗೆ ತಿರುಗಿಸಿ ಹಾಕುತ್ತೇನೆ. ಎಲ್ಲಿಗಾದರೂ ಬೆಳಿಗ್ಗೆಯೇ ಹೋಗಬೇಕಿದ್ದರೆ ಹಿಂದಿನ ದಿನ ಬೇಗ ತೆಗೆದುಬಿಡುತ್ತೇನೆ, ಆಗ 12 ಗಂಟೆ ಖಾಲಿ ಬಿಟ್ಟು ಬೆಳಿಗ್ಗೆಯೇ ಹೊಸದು ಹಾಕಬಹುದು.

ಅಂಟಿಸುವುದೂ ಒಂದು ಕೆಲಸವೇ. ಪಕ್ಕೆ ಸಪಾಟಾಗಿ ಇರುವುದಿಲ್ಲ, ಬಗ್ಗಿದರೆ ಮಡಿಕೆ ಬೀಳುತ್ತದೆ, ಬೆವರಿದರೆ ಅಂಚು ಏಳುತ್ತದೆ. ಇಡೀ ಪ್ಯಾಚ್ ಹಾಕಿದರೆ ಗಂಟೆಯೊಳಗೆ ಮೂಲೆ ಸುರುಳಿಯಾಗಿ ಬನಿಯನ್ನಿಗೆ ಅಂಟುತ್ತಿತ್ತು. ಈ ಜೆಲ್ ಪ್ಯಾಚನ್ನು ಕತ್ತರಿಸಿ ಬಳಸಬಹುದು, ಆದರೆ ಹಿಂದಿನ ಪ್ಲಾಸ್ಟಿಕ್ ಹಾಳೆ ತೆಗೆಯುವ ಮೊದಲೇ ಕತ್ತರಿಸಬೇಕು. ನಾನು ಉದ್ದಕ್ಕೆ ಎರಡು ಪಟ್ಟಿ ಮಾಡಿ, ಮೂಲೆಗಳನ್ನು ಗುಂಡಗೆ ಕತ್ತರಿಸಿ, ಪಕ್ಕೆಲುಬಿನ ಓಟಕ್ಕೆ ಸರಿಯಾಗಿ ಹಾಕುತ್ತೇನೆ. ಗುಂಡಗಿನ ಮೂಲೆ ಏಳುವುದಿಲ್ಲ. ಸ್ನಾನ ಆದ ಮೇಲೆ ಚರ್ಮ ಪೂರ್ತಿ ಒಣಗಿ ತಣ್ಣಗಾಗಲಿ, ಎಣ್ಣೆ ಕ್ರೀಮ್ ಏನೂ ಬೇಡ. ಅಂಟಿಸಿ ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಮೇಲೆ ಸ್ವಲ್ಪ ಬಿಗಿ ಬನಿಯನ್ ಹಾಕಿದರೆ ಇನ್ನೂ ಒಳ್ಳೆಯದು. ಕೂದಲಿದ್ದರೆ ಕತ್ತರಿಯಲ್ಲಿ ಕತ್ತರಿಸಿ, ರೇಜರ್ ಬೇಡ, ಕಾಣದ ಗೀರು ಬಿದ್ದಿರುತ್ತದೆ. ಪ್ಯಾಚ್ ಹಾಕಿಕೊಂಡು ಸ್ನಾನ ಮಾಡಬಾರದು. ಕೈ ತೊಳೆಯದೆ ಕಣ್ಣು ಮುಟ್ಟಲೇಬಾರದು. ಉಳಿದ ಅರ್ಧವನ್ನು ಕವರಿನಲ್ಲಿ ಬಿಗಿಯಾಗಿ ಮುಚ್ಚಿಡಿ, ಗಾಳಿಗೆ ಒಣಗಿದರೆ ಅಂಟುವುದೇ ಇಲ್ಲ.

ಇನ್ನೆರಡು ವಿಷಯ, ಇವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಳಗಿನ ನೋವು ಜಾಸ್ತಿಯಾದ ಒಂದು ರಾತ್ರಿ ನಾನು ಪ್ಯಾಚ್ ಮೇಲೇ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದೆ. ತಂಗಿ ನೋಡಿ ಕೈಯಿಂದ ಕಿತ್ತುಕೊಂಡಳು, ಅವಳು ಒಳಗಿನ ಚೀಟಿಯನ್ನು ಓದಿದ್ದಳು, ನಾನು ಓದಿರಲಿಲ್ಲ. ಶಾಖ ಕೊಟ್ಟರೆ ಚರ್ಮ ಔಷಧಿಯನ್ನು ಹೆಚ್ಚು ಹೀರುತ್ತದೆ. ಗಾಯ ಇರುವ ಚರ್ಮವೂ ಹಾಗೆಯೇ, ಅದಕ್ಕೇ ಗುಳ್ಳೆ ಇನ್ನೂ ಹಸಿ ಇರುವಾಗ ಇದನ್ನು ಹಾಕಬಾರದು. ರಕ್ತದಲ್ಲಿ ಜಾಸ್ತಿಯಾದರೆ ತುಟಿ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ತಲೆ ಸುತ್ತುವುದು ಶುರುವಾಗುತ್ತದೆ. ಹಾಗಾದರೆ ತಕ್ಷಣ ಕಿತ್ತು ಆಸ್ಪತ್ರೆಗೆ ಹೋಗಬೇಕು. ಹೃದಯದ ಬಡಿತ ಸರಿಪಡಿಸಲು ಮೆಕ್ಸಿಲೆಟಿನ್ ತರಹದ ಮಾತ್ರೆ ತೆಗೆದುಕೊಳ್ಳುವವರು, ಮರಗಟ್ಟಿಸುವ ಇಂಜೆಕ್ಷನ್ ಹಿಂದೆ ಒಗ್ಗದೇ ಹೋದವರು ಡಾಕ್ಟರಿಗೆ ಮೊದಲೇ ಹೇಳಿ.

ಎರಡನೆಯದು ಬಳಸಿದ ಪ್ಯಾಚ್. 12 ಗಂಟೆ ಆದ ಮೇಲೂ ಅದರೊಳಗೆ ಬಹುಪಾಲು ಔಷಧಿ ಹಾಗೇ ಇರುತ್ತದೆ, 700ರಲ್ಲಿ 665 ಮಿಲಿಗ್ರಾಂ ಆದರೂ ಉಳಿದಿರುತ್ತದೆ. ಒಂದು ದಿನ ಬುಟ್ಟಿಯಲ್ಲಿ ಬಿಸಾಡಿದ್ದನ್ನು ತಂಗಿಯ ಎರಡು ವರ್ಷದ ಮಗು ಎತ್ತಿಕೊಂಡು ಬಾಯಿ ಹತ್ತಿರ ತಂದಿತ್ತು. ಯಾರೋ ನೋಡಿದರು, ಸದ್ಯ ಏನೂ ಆಗಲಿಲ್ಲ. ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ. ಮಗು ಅದನ್ನು ಚೀಪಿದರೆ ಅಥವಾ ನಾಯಿ ಅಗಿದರೆ ಪ್ರಾಣಕ್ಕೇ ಅಪಾಯ. ಅಂಟಿನ ಬದಿ ಒಳಗೆ ಬರುವ ಹಾಗೆ ಮಡಚಿ, ಮುಚ್ಚಳ ಇರುವ, ಮಕ್ಕಳ ಕೈಗೆ ಸಿಗದ ಡಬ್ಬಿಗೆ ಹಾಕಿ.

ಚರ್ಮದ ತೊಂದರೆ ನನಗೆ ಹೆಚ್ಚಿಲ್ಲ. ಅಂಚಿನಲ್ಲಿ ಕೆಂಪು, ತುರಿಕೆ, ಒಂದೆರಡು ಗಂಟೆಯಲ್ಲಿ ಹೋಗುತ್ತದೆ. ದಿನಾ ಒಂದು ಬೆರಳಿನಷ್ಟು ಆಚೀಚೆ ಸರಿಸಿ ಹಾಕಿದರೆ ಅದೂ ಕಮ್ಮಿ.

ಬೇರೆ ಬಗೆಯವೂ ಇವೆ. 4% ಪ್ಯಾಚನ್ನು ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಕಡೆಯಿಂದ ತರಿಸಿ ನೋಡಿದೆ, ನನಗೆ ಅದು ಬೇಗ ಕಿತ್ತು ಬಂತು. 1.8% ಅಂತ ಒಂದು ತೆಳ್ಳಗಿನದು 2018ರಲ್ಲಿ ಅಮೆರಿಕದಲ್ಲಿ ಬಂತು. ಅದರಲ್ಲಿ 36 ಮಿಲಿಗ್ರಾಂ ಮಾತ್ರ ಇದ್ದರೂ ಮೈಗೆ ಸೇರುವುದು 5% ಪ್ಯಾಚಿನಷ್ಟೇ. ಹಾಗಾಗಿ ಶೇಕಡಾ ಲೆಕ್ಕ ನೋಡಿ ಹೆಚ್ಚು ಕಮ್ಮಿ ಅಂದುಕೊಳ್ಳಬೇಡಿ. ಮೆಣಸಿನಕಾಯಿಯ ಖಾರದ ಅಂಶ ಇರುವ 8% ಕ್ಯಾಪ್ಸೈಸಿನ್ ಪ್ಯಾಚ್ ಬೇರೆಯೇ ವಿಷಯ. ಅದನ್ನು ಆಸ್ಪತ್ರೆಯಲ್ಲೇ ಒಂದು ಗಂಟೆ ಹಾಕಿ ತೆಗೆಯುತ್ತಾರೆ, ಪರಿಣಾಮ ಸುಮಾರು 3 ತಿಂಗಳು ಇರಬಹುದು, ಆದರೆ ಹಾಕುವಾಗ ಚೆನ್ನಾಗಿ ಉರಿಯುತ್ತದೆ. ಡಾಕ್ಟರ್ ಎರಡು ಸಲ ಕೇಳಿದ್ದಾರೆ, ನನಗೆ ಇನ್ನೂ ಧೈರ್ಯ ಬಂದಿಲ್ಲ.

50 ದಾಟಿದ ನನ್ನ ಎಲ್ಲಾ ಬಂಧುಗಳಿಗೂ ಸರ್ಪಸುತ್ತಿನ ಲಸಿಕೆಯ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ ಅಂತ ಬೆನ್ನು ಹತ್ತಿದ್ದೇನೆ. ಎರಡು ಡೋಸ್ ಅಷ್ಟೇ. ನನಗೆ ಆಗ ಯಾರೂ ಹೇಳಿರಲಿಲ್ಲ.

ಮೊದಲ ವರ್ಷ ದಿನಕ್ಕೆ ಎರಡು ಪ್ಯಾಚ್ ಬೇಕಿತ್ತು, ಎರಡನೆಯ ವರ್ಷ ಒಂದು, ಈಗ ಅರ್ಧ. ಪ್ಯಾಚಿನಿಂದ ಕಮ್ಮಿಯಾಯಿತೋ, ನರ ತಾನಾಗಿ ಸುಧಾರಿಸುತ್ತಿದೆಯೋ, ಅದನ್ನು ಬೇರ್ಪಡಿಸಿ ಹೇಳಲಾರೆ. ಹಾಗಾಗಿ ನಾಲ್ಕೈದು ತಿಂಗಳಿಗೊಮ್ಮೆ ಪೂರ್ತಿ ಬಿಟ್ಟು ನೋಡುತ್ತೇನೆ. ಮೊದಲ ಸಲ ಒಂದು ದಿನವೂ ತಡೆಯಲಿಲ್ಲ. ಆಮೇಲೆ ಮೂರು ದಿನ. ಹೋದ ತಿಂಗಳು ಆರು ದಿನ ಪ್ಯಾಚ್ ಇಲ್ಲದೆ ಇದ್ದೆ, ಏಳನೆಯ ದಿನ ಬೆಳಿಗ್ಗೆ ಟವಲ್ ತಾಗಿ ಉರಿ ಹತ್ತಿತು, ಮತ್ತೆ ಕತ್ತರಿ ತೆಗೆದುಕೊಂಡು ಕೂತೆ.